ಆರು ಕೊಂಡಿ, ಒಂದು ಸೀಟು

ಬಾಡಿಗೆ ಮನೆ ಬದಲಾಯಿಸಿದವರಿಗೆಲ್ಲ ಈ ದೃಶ್ಯ ಗೊತ್ತು. ಪಿಕಪ್ ಗಾಡಿ ತುಂಬ ಸಾಮಾನು, ಅದರ ಮೇಲೊಂದು ಹಾಸಿಗೆ, ಹಾಸಿಗೆ ಮೇಲೊಬ್ಬ ಹುಡುಗ. ಒಂದು ಕೈ ಫ್ರಿಜ್ ಮೇಲೆ, ಇನ್ನೊಂದು ಕೈ ಬೀರು ಮೇಲೆ. ಹಿಂದೆ ಬೈಕಿನಲ್ಲಿ ಬರುವ ನಾವು ‘ಪರವಾಗಿಲ್ಲ, ಹಿಡ್ಕೊಂಡಿದ್ದಾನೆ’ ಅಂತ ಸಮಾಧಾನ ಮಾಡ್ಕೊಳ್ತೀವಿ. ಅವನನ್ನ ಯಾರು ಹಿಡ್ಕೊಂಡಿದ್ದಾರೆ ಅಂತ ಕೇಳಲ್ಲ.

ನಮ್ಮ ಚಿಕ್ಕಪ್ಪನದು ತಿಪಟೂರಿನಲ್ಲಿ ಒಂದು ಪಿಕಪ್ ಇದೆ. ಕೊಬ್ಬರಿ ಸೀಸನ್‌ನಲ್ಲಿ ಎಪಿಎಂಸಿಗೆ ಚೀಲ ಸಾಗಿಸ್ತಾರೆ. ಉಳಿದ ದಿನ ಮನೆ ಸಾಮಾನು, ಮೋಟಾರು ಪಂಪು, ಮದುವೆ ಮನೆ ಪಾತ್ರೆ, ಏನು ಬಾಡಿಗೆ ಬಂದರೂ ಸೈ. ಜೊತೆಗೆ ಹತ್ತೊಂಬತ್ತು ವರ್ಷದ ಒಬ್ಬ ಹುಡುಗ ಇದ್ದಾನೆ. ಹೆಸರಿಗೆ ಕ್ಲೀನರ್. ಲೋಡ್ ಮಾಡೋದು, ಇಳಿಸೋದು ಅವನೇ. ದಾರಿಯುದ್ದಕ್ಕೂ ಹಿಂದೆ ಕೂತು ಸಾಮಾನು ಹಿಡಿದುಕೊಳ್ಳೋದೂ ಅವನೇ.

ಹೋದ ವರ್ಷ ಹಬ್ಬಕ್ಕೆ ಊರಿಗೆ ಹೋದಾಗ ಅವನ ಅಂಗೈಗೆ ಬಟ್ಟೆ ಸುತ್ತಿತ್ತು. ಕೇಳಿದರೆ ನಕ್ಕ. “ಕೆ.ಬಿ. ಕ್ರಾಸ್ ಹತ್ರ ಹಂಪ್ ಸಿಕ್ತು ಅಕ್ಕಾ. ವಾಷಿಂಗ್ ಮಷೀನ್ ಜಾರ್ತು, ಹಗ್ಗ ಎಳ್ಕೊಂಡೆ, ಚರ್ಮ ಕಿತ್ಕೊಂಡ್ ಬಂತು.” ಅದೇ ಸಂಜೆ ಅವರಮ್ಮ ಹಾಲು ಕೊಡೋಕೆ ಬಂದಾಗ ನನ್ನ ಕೈ ಹಿಡ್ಕೊಂಡು, “ಅವನು ಮೇಲೆ ಕೂತ್ಕೊಂಡು ಹೋಗೋದು ನೋಡಿದ್ರೆ ನಂಗೆ ಅನ್ನ ಸೇರಲ್ಲ ಕಣವ್ವ” ಅಂದರು.

ನಾನು ಬೆಂಗಳೂರಿನಲ್ಲಿ ಡಿಸೈನ್ ಇಂಜಿನಿಯರ್. ಯಾವ ಜಾಗದಲ್ಲಿ ತೂತು, ಎಷ್ಟು ದಪ್ಪದ ಬೋಲ್ಟು ಅಂತ ದಿನವೆಲ್ಲ ಸ್ಕ್ರೀನ್ ಮೇಲೆ ಬರೆಯೋದೇ ಕೆಲಸ. ಹಾಗಾಗಿ ಮಾರನೇ ದಿನ ಬೆಳಿಗ್ಗೆ ಟೇಪು ಹಿಡ್ಕೊಂಡು ಚಿಕ್ಕಪ್ಪನ ಗಾಡಿ ಹತ್ತಿದೆ.

ಗಾಡಿಗೆ ಕೊಂಡಿಗಳೇ ಇರಲಿಲ್ಲ ಅಂತಲ್ಲ. ಬಾಡಿ ಹೊರಗಡೆ, ಪಕ್ಕದ ತಗಡಿನ ಕೆಳಗೆ ಸಾಲಾಗಿ ಹಗ್ಗದ ಹುಕ್ಕುಗಳಿದ್ದವು. ಕೊಬ್ಬರಿ ಚೀಲ ತುಂಬಿ ಮೇಲೆ ಟಾರ್ಪಾಲು ಹೊದಿಸಿ ಕಟ್ಟೋಕೆ ಅವು ಹೇಳಿ ಮಾಡಿಸಿದ ಹಾಗಿವೆ. ತೊಂದರೆ ಇರೋದು ಒಂಟಿ ಸಾಮಾನಿಗೆ. ಗಾಡಿ ನಡುವೆ ಒಂದು ಫ್ರಿಜ್ ನಿಲ್ಲಿಸಿ ಹೊರಗಿನ ಹುಕ್ಕಿಗೆ ಹಗ್ಗ ಕಟ್ಟಿದರೆ, ಆ ಹಗ್ಗ ಪಕ್ಕದ ತಗಡಿನ ಅಂಚು ಹತ್ತಿ ಆಚೆ ಇಳಿಯಬೇಕು. ಒಳಗೆ ಅದು ಓರೆಯಾಗಿ ಹೋಗಿರುತ್ತೆ. ಫ್ರಿಜ್ಜನ್ನು ಕೆಳಗೆ ಒತ್ತೋದು ಕಮ್ಮಿಯಾಗುತ್ತೆ. ಜೊತೆಗೆ ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಹಗ್ಗ ಸವೆಯುತ್ತೆ.

ಕೆಳಗೆ ಒತ್ತೋದು ಯಾಕೆ ಮುಖ್ಯ? ಸಾಮಾನು ಜಾರದ ಹಾಗೆ ತಡೆಯೋದು ನೆಲದ ಜೊತೆ ಅದಕ್ಕಿರುವ ಘರ್ಷಣೆ. ಬೆಲ್ಟು ಮಾಡೋ ಕೆಲಸ ಅಂದರೆ ಅದನ್ನ ನೆಲಕ್ಕೆ ಇನ್ನಷ್ಟು ಅದುಮಿ ಆ ಘರ್ಷಣೆ ಹೆಚ್ಚಿಸೋದು. ಬೆಲ್ಟು ನೇರ ಕೆಳಗಿಳಿದರೆ ಅದರ ಎಳೆತವೆಲ್ಲ ಒತ್ತೋಕೇ ಹೋಗುತ್ತೆ. ನೆಲದಿಂದ ಬರೀ 30 ಡಿಗ್ರಿ ಕೋನದಲ್ಲಿದ್ದರೆ ಅರ್ಧ ಮಾತ್ರ. ಅದಕ್ಕೇ ಕೊಂಡಿ ಗಾಡಿ ಒಳಗೆ, ನೆಲದಲ್ಲೇ, ಸಾಮಾನಿನ ಹತ್ತಿರದಲ್ಲೇ ಇರಬೇಕು.

ಎಷ್ಟು ಬಲ ತಡೀಬೇಕು ಅನ್ನೋದಕ್ಕೆ ಅಮೆರಿಕದ ಲಾರಿ ನಿಯಮದಲ್ಲಿ ಒಂದು ಲೆಕ್ಕ ಇದೆ. ಜೋರು ಬ್ರೇಕ್ ಹಾಕಿದಾಗ ಸಾಮಾನಿನ ತೂಕದ 0.8 ಪಾಲು ಮುಂದಕ್ಕೆ, ತಿರುವಿನಲ್ಲಿ 0.5 ಪಾಲು ಪಕ್ಕಕ್ಕೆ ನೂಕುತ್ತೆ ಅಂತ ಇಟ್ಟುಕೊಂಡು ಕಟ್ಟಬೇಕು. ಅಂದರೆ 70 ಕೆ.ಜಿ. ವಾಷಿಂಗ್ ಮಷೀನು 56 ಕೆ.ಜಿ. ಬಲದಿಂದ ಮುಂದಕ್ಕೆ ನುಗ್ಗುತ್ತೆ. ಇದನ್ನ ಒಂದು ಕೈಯಲ್ಲಿ ಹಿಡಿದುಕೊಳ್ಳೋಕೆ ನಮ್ಮ ಹುಡುಗನಲ್ಲ, ಯಾವ ಪೈಲ್ವಾನನಿಗೂ ಆಗಲ್ಲ. ಅದೇ ಬ್ರೇಕು ಅವನನ್ನೂ ಮುಂದಕ್ಕೆ ಎಸೀತಿರುತ್ತಲ್ಲ!

ಚಿಕ್ಕಪ್ಪ ಮೊದಲು ಒಪ್ಪಲಿಲ್ಲ. “ಇಪ್ಪತ್ತು ವರ್ಷದಿಂದ ಹಗ್ಗದಲ್ಲೇ ಕಟ್ತಿದೀನಿ ಕಣಮ್ಮ. ಒಂದು ತೆಂಗಿನಕಾಯಿನೂ ಬೀಳಿಸಿಲ್ಲ” ಅಂದರು. ಆಮೇಲೆ ನಿಜವಾದ ತಕರಾರು ಹೇಳಿದರು: “ನೆಲದಲ್ಲಿ ಹುಕ್ಕು ಎದ್ದು ನಿಂತ್ರೆ ಚೀಲ ಹರಿಯುತ್ತೆ. ಬರಿಗಾಲಲ್ಲಿ ಹತ್ತೋ ಹಮಾಲರ ಕಾಲಿಗೆ ತಾಗುತ್ತೆ.” ಈ ಮಾತು ಯಾವ ಡ್ರಾಯಿಂಗ್‌ನಲ್ಲೂ ಇರಲ್ಲ. ಎದ್ದು ನಿಲ್ಲೋ ಹುಕ್ಕು ಬೇಡ, ಬೇಡದಾಗ ಮಡಚಿ ಮಲಗೋ ಡಿ ಆಕಾರದ ಬಳೆ ಹಾಕೋಣ ಅಂತ ತೀರ್ಮಾನ ಆಯ್ತು. ನೆಲದ ತಗಡು ಏಳುಬೀಳಾಗಿರುತ್ತಲ್ಲ, ಅದರ ತಗ್ಗಿನಲ್ಲಿ ಬಳೆ ಮಲಗಿದರೆ ಚೀಲ ಎಳೆದರೂ ಅಷ್ಟಾಗಿ ತಾಗಲ್ಲ.

ವೆಲ್ಡಿಂಗ್ ಶಾಪಿನವರು “ಹತ್ತು ನಿಮಿಷದ ಕೆಲಸ, ಹಂಗೇ ಟಾಕಾ ಹಾಕಿ ಕೊಡ್ತೀನಿ” ಅಂದರು. ನಾನು ಬೇಡ ಅಂದೆ. ನೆಲದ ತಗಡು ತೆಳು. ವೆಲ್ಡಿಂಗ್ ಬಿಸಿಗೆ ಸುತ್ತಲಿನ ಬಣ್ಣ ಸುಟ್ಟು ಅಲ್ಲಿಂದಲೇ ತುಕ್ಕು ಹಿಡಿಯುತ್ತೆ. ಬಳೆ ಗಟ್ಟಿಯಾಗೇ ಇದ್ದರೂ ಒಂದು ದಿನ ತಗಡಿನ ತುಂಡನ್ನೇ ಕಿತ್ಕೊಂಡು ಬರುತ್ತೆ. ಚಾಸಿಗಂತೂ ತೂತು ಹೊಡೆಯೋದು, ವೆಲ್ಡ್ ಮಾಡೋದು ನಮ್ಮ ಕೆಲಸವೇ ಅಲ್ಲ. ಗಾಡಿಯ ಇಡೀ ಭಾರ ಹೊತ್ತಿರೋದು ಅದು.

ಕೊನೆಗೆ ಮಾಡಿದ್ದು ಹೀಗೆ. ನಾಲ್ಕು ಮೂಲೆಗೆ ನಾಲ್ಕು, ನಡುವೆ ಎರಡು, ಒಟ್ಟು ಆರು ಬಳೆ. ನೆಲದ ಕೆಳಗೆ ಅಡ್ಡಲಾಗಿ ಉಕ್ಕಿನ ಪಟ್ಟಿಗಳು ಹಾದು ಹೋಗಿರುತ್ತವೆ. ಅವುಗಳ ಪಕ್ಕದಲ್ಲೇ ಜಾಗ ಗುರುತು ಮಾಡಿದೆವು. ಡ್ರಿಲ್ ಹಿಡಿಯೋ ಮುಂಚೆ ಚಿಕ್ಕಪ್ಪ ಗಾಡಿ ಕೆಳಗೆ ಮಲಗಿ ಟಾರ್ಚು ಬಿಟ್ಟು ಡೀಸೆಲ್ ಟ್ಯಾಂಕ್ ಎಲ್ಲಿದೆ, ಬ್ರೇಕ್ ಪೈಪು, ವೈರು ಎಲ್ಲಿ ಹೋಗಿದೆ ಅಂತ ಒಂದೊಂದೇ ನೋಡಿ ಹೇಳಿದರು. ಒಂದು ಗುರುತಿನ ಕೆಳಗೆ ವೈರು ಇತ್ತು. ಆ ಬಳೆಯನ್ನ ನಾಲ್ಕು ಬೆರಳು ಆಚೆ ಸರಿಸಿದೆವು.

ಬೋಲ್ಟು 10 ಮಿ.ಮೀ. ದಪ್ಪದ್ದು. ಅದರ ತಲೆ ಮೇಲೆ 8.8 ಅಂತ ಗುರುತು ಇರೋದನ್ನೇ ಕೇಳಿ ತಂದೆ. ಅಂಗಡಿಯಲ್ಲಿ ಗುರುತಿಲ್ಲದ ಬೋಲ್ಟು ಅಗ್ಗಕ್ಕೆ ಸಿಗುತ್ತೆ, ಆದರೆ ಅದು ಎಷ್ಟು ತಡೆಯುತ್ತೆ ಅಂತ ಯಾರಿಗೂ ಗೊತ್ತಿರಲ್ಲ. 8.8 ಗುರುತಿನ 10 ಮಿ.ಮೀ. ಬೋಲ್ಟು ಒಂದೇ ಮೂರು ಟನ್ನಿಗೂ ಹೆಚ್ಚು ಎಳೆತ ತಡೆಯುತ್ತೆ. ಹಾಗಾದರೆ ಸೋಲೋದು ಯಾವುದು? ಅದೇ ತೆಳು ತಗಡು. ಅದಕ್ಕೇ ಪ್ರತಿ ಬಳೆ ಕೆಳಗೆ, ಗಾಡಿಯ ತಳದಲ್ಲಿ, ಅಂಗೈ ಅಗಲದ 6 ಮಿ.ಮೀ. ದಪ್ಪದ ಉಕ್ಕಿನ ಪ್ಲೇಟು ಕೊಟ್ಟೆವು. ಎಳೆತ ಒಂದೇ ತೂತಿನ ಮೇಲೆ ಬೀಳದೆ ಅಷ್ಟಗಲಕ್ಕೆ ಹಂಚಿಹೋಗುತ್ತೆ. ತೂತಿನ ಅಂಚಿಗೆ ತುಕ್ಕು ತಡೆಯೋ ಪ್ರೈಮರ್ ಬಳಿದೆವು. ಗಾಡಿ ಅಲುಗಾಟಕ್ಕೆ ಸಡಿಲ ಆಗದಿರಲಿ ಅಂತ ಒಳಗೆ ನೈಲಾನ್ ಇರೋ ನಟ್ಟು ಹಾಕಿದೆವು.

ನಾವು ಡ್ರಿಲ್ ಮಾಡ್ತಿದ್ದಾಗ ಹುಡುಗ ಪಕ್ಕದಲ್ಲೇ ನಿಂತು ಬೋಲ್ಟು ಕೊಡ್ತಿದ್ದ. ನಾಲ್ಕನೇ ಬಳೆ ಹೊತ್ತಿಗೆ ಮೆಲ್ಲಗೆ ಕೇಳಿದ: “ಅಕ್ಕಾ, ಇವು ಬಂದ್ರೆ ನಾನು ಬೇಡ್ವಾ?”

ನನಗೆ ಉತ್ತರ ಹೊಳೀಲಿಲ್ಲ. ಅವನ ಸುರಕ್ಷತೆಗೆ ಅಂತ ನಾನು ಮಾಡ್ತಿದ್ದ ಕೆಲಸ ಅವನ ಕಣ್ಣಿಗೆ ದಿನಗೂಲಿ ಕಿತ್ಕೊಳ್ಳೋ ಯಂತ್ರದ ಥರ ಕಂಡಿತ್ತು. ಗಾಡಿ ಕೆಳಗಿಂದ ಚಿಕ್ಕಪ್ಪನ ದನಿ ಬಂತು. “ಲೋಡ್ ಯಾರು ಎತ್ತುತಾರೋ, ನಿಮ್ ತಾತನಾ? ನಟ್ಟು ಕೊಡು ಈಕಡೆ.” ಅವನ ಮುಖದಲ್ಲಿ ನಗು ಬಂತು. ನನಗೂ ಉಸಿರು ಬಂತು.

ಹಗ್ಗದ ಜಾಗಕ್ಕೆ ನಾಲ್ಕು ರ‍್ಯಾಚೆಟ್ ಬೆಲ್ಟು ತಂದೆವು. ನೈಲಾನ್ ಹಗ್ಗ ನೆನೆದರೆ ಹಿಗ್ಗುತ್ತೆ, ಪಾಲಿಯೆಸ್ಟರ್ ಬೆಲ್ಟು ಅಷ್ಟು ಹಿಗ್ಗಲ್ಲ. ನೀವೂ ಕೊಳ್ಳೋದಾದರೆ ಒಂದು ವಿಷಯ ಗಮನಿಸಿ. ಕೆಲವು ಬೆಲ್ಟಿನ ಮೇಲೆ ಎರಡು ಅಂಕಿ ಇರುತ್ತೆ. ದೊಡ್ಡದು ಬೆಲ್ಟು ಹರಿಯೋ ಭಾರ, ಚಿಕ್ಕದು ದಿನಬಳಕೆಗೆ ಹಾಕಬಹುದಾದ ಭಾರ. ಲೆಕ್ಕ ಹಾಕಬೇಕಾದ್ದು ಚಿಕ್ಕದನ್ನ. ಭಾರದ ಸಾಮಾನನ್ನ ಕ್ಯಾಬಿನ್ ಕಡೆಯ ತಗಡಿಗೆ ಒರಗಿಸಿ ಇಡಿ, ಬ್ರೇಕ್ ಹಾಕಿದಾಗ ಅದು ನುಗ್ಗೋಕೆ ಜಾಗ ಇರಲ್ಲ. ಕೆಳಗೊಂದು ರಬ್ಬರ್ ಮ್ಯಾಟ್ ಹಾಸಿದರೆ ಜಾರೋದು ಇನ್ನೂ ಕಮ್ಮಿ. ಬೆಲ್ಟು ಮೂಲೆ ಮೇಲೆ ಹಾಯೋ ಕಡೆ ಹಳೇ ಸೈಕಲ್ ಟ್ಯೂಬಿನ ತುಂಡು ಸಾಕು. ಹೊರಟು ಸ್ವಲ್ಪ ದೂರ ಹೋದ ಮೇಲೆ ಒಮ್ಮೆ ನಿಲ್ಲಿಸಿ ಬೆಲ್ಟು ಬಿಗಿ ನೋಡಿ, ಸಾಮಾನು ಕುಲುಕಿ ಕೂತ ಮೇಲೆ ಅದು ಸಡಿಲ ಆಗಿರುತ್ತೆ. ಬೆಲ್ಟು, ಬಳೆ, ಕೂಲಿ ಎಲ್ಲ ಸೇರಿ ನಮಗೆ ನಾಲ್ಕು ಸಾವಿರದೊಳಗೆ ಮುಗೀತು.

ಇಷ್ಟಾದರೂ ಒಂದು ಕಷ್ಟ ಉಳೀತು. ಚಿಕ್ಕಪ್ಪನ ಕ್ಯಾಬಿನ್‌ನಲ್ಲಿ ಡ್ರೈವರ್ ಪಕ್ಕ ಒಬ್ಬರಿಗೇ ಜಾಗ. ಮನೆ ಸಾಮಾನು ಸಾಗಿಸುವಾಗ ಮನೆಯವರೇ ಅಲ್ಲಿ ಕೂತುಬಿಡ್ತಾರೆ, ಹುಡುಗ ಹಿಂದಕ್ಕೆ ಹೋಗ್ತಾನೆ. ಬಳೆ ಹಾಕಿ ಸಾಮಾನನ್ನ ಹಿಡಿದು ನಿಲ್ಲಿಸಿದರೂ ಹುಡುಗನನ್ನ ಕೆಳಗಿಳಿಸೋಕೆ ಬಳೆಯಿಂದ ಆಗಲ್ಲ. ಅದನ್ನ ಚಿಕ್ಕಪ್ಪನೇ ಮಾಡಬೇಕಿತ್ತು. ಈಗ ಅವರು ಬಾಡಿಗೆ ಮಾತಾಡುವಾಗಲೇ ಹೇಳಿಬಿಡ್ತಾರೆ: “ಮುಂದಿನ ಸೀಟು ನಮ್ ಹುಡುಗಂದು. ನೀವು ಬಸ್ಸಲ್ಲೋ ಬೈಕಲ್ಲೋ ಬನ್ನಿ.” ಮುಖ ಸಿಂಡರಿಸೋರು ಇದ್ದಾರೆ. ಒಂದೆರಡು ಬಾಡಿಗೆ ಬೇರೆಯವರಿಗೆ ಹೋಗಿದ್ದೂ ಇದೆ. “ಹೋಗ್ಲಿ ಬಿಡು” ಅಂತಾರೆ ಚಿಕ್ಕಪ್ಪ, ಆದರೆ ಡೀಸೆಲ್ ಲೆಕ್ಕ ಬರೆಯುವಾಗ ಅದು ಅವರಿಗೆ ನೆನಪಾಗುತ್ತೆ ಅಂತ ನನಗೆ ಗೊತ್ತು.

ಅದಕ್ಕೇ ಇದನ್ನ ನಿಮಗೆ ಬರೀತಿದೀನಿ. ಮುಂದಿನ ಸಲ ಮನೆ ಬದಲಾಯಿಸುವಾಗ ಗಾಡಿಯವರ ಹತ್ತಿರ ಬಾಡಿಗೆ ಎಷ್ಟು ಅಂತ ಕೇಳ್ತೀರಲ್ಲ, ಅದರ ಜೊತೆ ಇನ್ನೆರಡು ಪ್ರಶ್ನೆ ಸೇರಿಸಿ. ಸಾಮಾನು ಎಲ್ಲಿಗೆ ಕಟ್ತೀರಿ? ನಿಮ್ಮ ಹುಡುಗ ಎಲ್ಲಿ ಕೂರ್ತಾನೆ? ಎರಡನೇದಕ್ಕೆ ಅವರು “ಹಿಂದೆ” ಅಂದರೆ, ನೀವು ಒಂದು ಆಟೋ ಮಾಡ್ಕೊಂಡು ಬನ್ನಿ, ಮುಂದಿನ ಸೀಟು ಅವನಿಗೆ ಬಿಟ್ಟುಕೊಡಿ.