ಬೀವರ್‌ಹೌಸ್‌ಗೆ ಮರಳುವ ದಾರಿ

ಕೆನಡಾ ದೇಶದ ಒಂಟಾರಿಯೋ ಪ್ರಾಂತ್ಯದ ಈಶಾನ್ಯದಲ್ಲಿ ಕರ್ಕ್‌ಲೆಂಡ್ ಲೇಕ್ ಎಂಬ ಪಟ್ಟಣವಿದೆ. ಚಿನ್ನದ ಗಣಿಗಳಿಂದ ಹೆಸರಾದ ಊರು. ಅದರಾಚೆ ಸ್ಪ್ರೂಸ್, ಪೈನ್, ಬರ್ಚ್ ಮರಗಳ ಕಾಡು. ಕಾಡಿನೊಳಗೆ ಹಳೆಯ ಬಂಡೆಗಳು, ಬಂಡೆಗಳ ನಡುವೆ ಸರೋವರಗಳು. ಮಿಸೆಮಾ ನದಿಯ ನೀರಿನಂಚಿನಲ್ಲಿರುವ ಬೀವರ್‌ಹೌಸ್ ಎಂಬ ಪುಟ್ಟ ನೆಲೆಗೆ ಮೋಟಾರು ರಸ್ತೆಯಿಲ್ಲ. ಬೇಸಗೆಯಲ್ಲಿ ದೋಣಿಯಲ್ಲಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಹಿಮವಾಹನದಲ್ಲಿ ಅಲ್ಲಿಗೆ ತಲುಪಬೇಕು. ಅನಿಶಿನಾಬೆ ಮೂಲನಿವಾಸಿಗಳ ನೆಲೆ ಅದು.

ಉತ್ತರದ ಇಂತಹ ದೂರದ ನೆಲೆಗಳಿಗೂ ಸರ್ಕಾರದ ಮಕ್ಕಳ ಕಲ್ಯಾಣ ವ್ಯವಸ್ಥೆ ಬಂದು ತಲುಪಿತು. 1965ರಲ್ಲಿ ಕೆನಡಾ ಸರ್ಕಾರವು ಒಂಟಾರಿಯೋ ಪ್ರಾಂತ್ಯದೊಡನೆ ಒಂದು ಕರಾರು ಮಾಡಿಕೊಂಡಿತು. ಪ್ರಾಂತ್ಯದ ಕಲ್ಯಾಣ ಸೇವೆಗಳನ್ನು ಮೂಲನಿವಾಸಿಗಳ ಮೀಸಲು ಪ್ರದೇಶಗಳಿಗೂ ವಿಸ್ತರಿಸುವುದು ಅದರ ಉದ್ದೇಶ. ವಿಸ್ತರಿಸುವ ಮುನ್ನ ಆಯಾ ಸಮುದಾಯವನ್ನು ಕೇಳಬೇಕೆಂಬ ಷರತ್ತೂ ಅದರಲ್ಲಿತ್ತು. ಸೇವೆಗಳು ಬಂದವು, ಯಾರನ್ನೂ ಕೇಳಲಿಲ್ಲ. 1984ರವರೆಗೆ ಒಂಟಾರಿಯೋ ಒಂದರಲ್ಲೇ ಸುಮಾರು 16,000 ಮಕ್ಕಳು ಮೂಲನಿವಾಸಿಗಳಲ್ಲದವರ ಸಾಕುಮನೆಗಳಿಗೂ ದತ್ತು ಕುಟುಂಬಗಳಿಗೂ ಸೇರಿಹೋದರು. ಈ ಘಟನಾವಳಿಗೆ ‘ಸಿಕ್ಸ್‌ಟೀಸ್ ಸ್ಕೂಪ್’ ಎಂಬ ಹೆಸರು ಬಂದಿದೆ. ಅರವತ್ತರ ದಶಕದಲ್ಲಿ ಮಕ್ಕಳನ್ನು ಬಾಚಿಕೊಂಡು ಹೋದುದು ಎಂದು ಅದರ ಅರ್ಥ.

ಹಾಗೆ ಹೋದವರಲ್ಲಿ ಟೆಮಾಗಮಿ ಸಮುದಾಯದ ಮಾರ್ಷಿಯಾ ಬ್ರೌನ್ ಮಾರ್ಟೆಲ್ ಒಬ್ಬರು. 1972ರಲ್ಲಿ, ಒಂಬತ್ತರ ವಯಸ್ಸಿನಲ್ಲಿ, ಮೂಲನಿವಾಸಿಗಳಲ್ಲದ ದಂಪತಿಗಳಿಗೆ ಅವರನ್ನು ದತ್ತು ನೀಡಲಾಯಿತು. ಬೆಳೆದು ದೊಡ್ಡವರಾದ ಮೇಲೆ ಅವರು ತಮ್ಮ ಜನರನ್ನು ಅರಸಿ ಮರಳಿದರು. ಆಗ ತಿಳಿದುಬಂದ ಸಂಗತಿ ವಿಚಿತ್ರವಾದುದು: ಹುಟ್ಟುಹೆಸರಿನ ಆ ಹುಡುಗಿ ಮೃತಳಾಗಿದ್ದಾಳೆಂದು ಸರ್ಕಾರ ಘೋಷಿಸಿತ್ತು! ಉಸಿರಾಡುತ್ತಿರುವ ಹೆಂಗಸು ಕಾಗದದಲ್ಲಿ ಸತ್ತಿದ್ದಳು. ಆಕೆಯೇ ಮುಂದೆ ಬೀವರ್‌ಹೌಸ್ ಸಮುದಾಯದ ಮುಖ್ಯಸ್ಥೆಯಾದರು.

2009ರಲ್ಲಿ ಅವರ ಮುಂದಾಳುತನದಲ್ಲಿ ಕೆನಡಾ ಸರ್ಕಾರದ ವಿರುದ್ಧ ದಾವೆ ಹೂಡಲಾಯಿತು. 2017ರ ಫೆಬ್ರವರಿ 14ರಂದು ನ್ಯಾಯಮೂರ್ತಿ ಎಡ್ವರ್ಡ್ ಬೆಲೊಬಾಬಾ ತೀರ್ಪಿತ್ತರು. ಸಮುದಾಯಗಳನ್ನು ಕೇಳಿದ್ದರೂ ಅವುಗಳಿಂದ ಉಪಯುಕ್ತವಾದ ಸಲಹೆ ದೊರೆಯುತ್ತಿರಲಿಲ್ಲವೆಂಬ ಸರ್ಕಾರದ ವಾದವನ್ನು ಅವರು ಅವಮಾನಕರವೆಂದು ತಳ್ಳಿಹಾಕಿದರು. ದತ್ತು ಹೋದ ಮಾತ್ರಕ್ಕೆ ಮಗುವಿನ ಮೂಲನಿವಾಸಿ ಹಕ್ಕುಗಳು ಅಳಿಯುವುದಿಲ್ಲ. ಆದರೆ ಆ ಹಕ್ಕುಗಳಿವೆಯೆಂದು ಮಗುವಿಗೂ ಸಾಕಿದವರಿಗೂ ಹೇಳುವವರಿರಲಿಲ್ಲ. ಮಕ್ಕಳು ತಮ್ಮ ಗುರುತನ್ನು ಕಳೆದುಕೊಳ್ಳದಂತೆ ಕಾಯುವುದು ಸರ್ಕಾರದ ಹೊಣೆಯಾಗಿತ್ತು, ಅದು ಆ ಹೊಣೆಯಲ್ಲಿ ತಪ್ಪಿತು ಎಂಬುದು ತೀರ್ಪಿನ ಸಾರ.

ಅದೇ ವರ್ಷದ ಅಕ್ಟೋಬರ್‌ನಲ್ಲಿ ರಾಷ್ಟ್ರವ್ಯಾಪಿ ರಾಜಿ ಪ್ರಕಟವಾಯಿತು: ಸಂತ್ರಸ್ತರಿಗೆ 75 ಕೋಟಿ ಡಾಲರ್, ಭಾಷೆ ಸಂಸ್ಕೃತಿಗಳ ಪುನಶ್ಚೇತನಕ್ಕಾಗಿ ಒಂದು ಪ್ರತಿಷ್ಠಾನಕ್ಕೆ 5 ಕೋಟಿ. ಮೆಟೀ ಸಮುದಾಯದ ಮಕ್ಕಳು ಇದರಿಂದ ಹೊರಗುಳಿದರು. ಹಣವು ತಪ್ಪನ್ನು ಒಪ್ಪಿಕೊಂಡುದರ ಗುರುತಾದೀತು. ಅಜ್ಜಿಯ ಬಾಯಿಂದ ಕೇಳಬೇಕಾಗಿದ್ದ ಮಾತನ್ನು ಅದು ತಂದುಕೊಡಲಾರದು. ಮರಳಿ ಬಂದವರು ನಡುವಯಸ್ಸಿನಲ್ಲಿ ತಮ್ಮ ನುಡಿಯ ಮೊದಲ ಪದಗಳನ್ನು ಮಕ್ಕಳಂತೆ ಕಲಿಯಬೇಕಾಯಿತು.

ಗಡಿನಾಡಿನ ಕನ್ನಡ ಕುಟುಂಬಗಳ ಸ್ಥಿತಿಯನ್ನು ಇದರೊಡನೆ ಸರಿದೂಗಿಸುವುದು ಅನ್ಯಾಯವಾದೀತು. ಇಲ್ಲಿನ ಮಗು ಸಂಜೆ ತನ್ನ ಮನೆಗೇ ಮರಳುತ್ತದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಭಾರತ ಸಂವಿಧಾನದ 350ಎ ವಿಧಿಯ ಬೆಂಬಲವೂ ಇದೆ. ಆದರೂ ಷರತ್ತು ಬರಹದಲ್ಲಿದ್ದರೆ ಸಾಲದು, ಅದನ್ನು ಕೇಳಿ ಪಡೆಯುವವರು ಬೇಕು ಎಂಬ ಪಾಠ ಗಡಿನಾಡಿಗೂ ಸಲ್ಲುತ್ತದೆ.

ಮಾರ್ಷಿಯಾ ಮುಖ್ಯಸ್ಥೆಯಾಗಿದ್ದ ಬೀವರ್‌ಹೌಸ್ ಕೂಡ ಬಹುಕಾಲ ಕಾಗದದ ಮೇಲೆ ಇರಲಿಲ್ಲ. ಪ್ರತ್ಯೇಕ ಮೂಲನಿವಾಸಿ ಸಮುದಾಯವೆಂದು ಸಂವಿಧಾನದ 35ನೆಯ ವಿಧಿಯನ್ವಯ ಅದಕ್ಕೆ ಮನ್ನಣೆ ದೊರೆತದ್ದು 2022ರ ಏಪ್ರಿಲ್‌ನಲ್ಲಿ. ಅಲ್ಲಿಯವರೆಗೂ ಆ ಜನರು ಆ ನೀರಿನ ದಡದಲ್ಲೇ ಬಾಳಿದ್ದರು.