ನಾಲ್ಕು ಬೆರಳಿನ ಅವಕಾಶ

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಶಿಕಾಗೋ. ಅಮೆರಿಕೆಯಲ್ಲಿ ಮಕ್ಕಳಿರುವ ನಮ್ಮ ಸಮಾಜದ ಅನೇಕ ಮನೆಗಳ ಹಿರಿಯರಿಗೆ ಇದೀಗ ಪರಿಚಿತವಾದ ದಾರಿ. ಈ ದಾರಿಯಲ್ಲಿ ನಾನು ಮತ್ತು ನಮ್ಮ ಮನೆಯವರು ಎರಡು ಬಾರಿ ಹೋಗಿಬಂದಿದ್ದೇವೆ: 2019ರಲ್ಲಿ ಒಮ್ಮೆ, 2024ರಲ್ಲಿ ಮತ್ತೊಮ್ಮೆ. ಆ ದೇಶದ ಜಲಪಾತಗಳನ್ನೂ ಗಗನಚುಂಬಿ ಸೌಧಗಳನ್ನೂ ಕುರಿತು ಬಲ್ಲವರು ಬಹಳ ಬರೆದಿದ್ದಾರೆ. ನಾನು ಬರೆಯಲು ಹೊರಟಿರುವುದು ಅಲ್ಲಿಗೆ ಹೋಗುವಾಗ ನಾವು ಕುಳಿತ ಆಸನವನ್ನು ಕುರಿತು. ಒಂದೊಂದು ಹಾರಾಟಕ್ಕೂ ಒಂಬತ್ತು ಹತ್ತು ತಾಸು ಹಿಡಿಯುವ ಪ್ರಯಾಣದಲ್ಲಿ ಮನುಷ್ಯನಿಗೆ ಆ ಆಸನವೇ ಊರು, ಅದೇ ಮನೆ.

ಮೊದಲ ಪ್ರಯಾಣದಲ್ಲಿ ಮಗನೇ ಬಂದು ನಮ್ಮನ್ನು ಕರೆದೊಯ್ದನು. ಫ್ರಾಂಕ್‌ಫರ್ಟಿನಲ್ಲಿ ವಿಮಾನ ಬದಲಿಸುವ ವೇಳೆ ಅತ್ಯಲ್ಪವಿತ್ತು. ಉದ್ದನೆಯ ಓಣಿಗಳಲ್ಲಿ ಏದುಸಿರು ಬಿಡುತ್ತ ನಡೆದು ಎರಡನೆಯ ವಿಮಾನದ ಬಾಗಿಲಿಗೆ ಬಂದಾಗ ಅಲ್ಲಿ ಜನರು ಗುಂಪುಗುಂಪಾಗಿ ನಿಂತಿದ್ದರು. ಒಂದನೆಯ ಗುಂಪು ಒಳಗೆ ಹೋಗಬೇಕು, ಆಮೇಲೆ ಎರಡನೆಯದು, ಹೀಗೆ ಕ್ರಮ. ಮಗನ ಚೀಟಿಯನ್ನು ನೋಡಿದೊಡನೆ ನಮ್ಮನ್ನು ಮೊದಲೇ ಒಳಗೆ ಬಿಟ್ಟರು. ಎಕಾನಮಿ ವಿಭಾಗದ ಮುಂಭಾಗದಲ್ಲಿ ಎರಡು ಆಸನಗಳನ್ನು ತೋರಿಸಿ ಅವನು ಹೇಳಿದ: "ಅಪ್ಪಾ, ನೀವು ಅವ್ವ ಇಲ್ಲಿ ಕೂಡ್ರಿ. ನಾ ಹಿಂದ ಇರ್ತೀನಿ. ನನಗ ಇದು ರೂಢಿ ಐತಿ."

ಕುಳಿತ ಮೇಲೆ ತಿಳಿಯಿತು, ಅಲ್ಲಿ ಕಾಲು ಚಾಚಲು ಸ್ಥಳವಿತ್ತು. ಅದಕ್ಕೆ ಹಿಂದಿನ ಹಾರಾಟದಲ್ಲಿ ಮುಂದಿನ ಆಸನದ ಬೆನ್ನಿಗೆ ಒತ್ತಿಕೊಂಡೇ ಇದ್ದ ನಮ್ಮ ಮನೆಯವರ ಮೊಣಕಾಲುಗಳು ಇಲ್ಲಿ ನಿರಾಳವಾಗಿದ್ದವು. ಬೆಳಗಿನ ಹೊತ್ತು. ಕೈಕಾಲು ಮುಖ ತೊಳೆದು ಬಂದು, ಎದುರಿನ ಮಡಿಸುವ ಹಲಗೆಯನ್ನು ಇಳಿಸಿ, ವಿಭೂತಿಯ ಕರಡಿಗೆಯನ್ನಿಟ್ಟು, ಎಡ ಅಂಗೈಯಲ್ಲಿ ಲಿಂಗವನ್ನು ಹಿಡಿದು ಎದೆಯ ಮಟ್ಟಕ್ಕೆ ಎತ್ತಿದಾಗ ಅದಕ್ಕೂ ಅಲ್ಲಿ ಎಡೆಯಿತ್ತು. ಮೂವತ್ತೈದು ಸಾವಿರ ಅಡಿಗಳ ಮೇಲೆ ನಿತ್ಯನೇಮವು ನಿರ್ವಿಘ್ನವಾಗಿ ಸಾಗಿತು. ಪಕ್ಕದ ಕಿಟಕಿಯ ಬಳಿಯಿದ್ದ ಜರ್ಮನ್ ಮುದುಕಿಯೊಬ್ಬಳು ಅಷ್ಟು ಹೊತ್ತೂ ತನ್ನ ಪತ್ರಿಕೆಯ ಹಾಳೆಯನ್ನು ಮಗುಚದೆ ಕುಳಿತಿದ್ದುದು ನನ್ನ ಲಕ್ಷ್ಯಕ್ಕೆ ಬಂದದ್ದು ಪೂಜೆ ಮುಗಿದ ಮೇಲೆ.

ಮಗನನ್ನು ನೋಡಲೆಂದು ಹಿಂದಕ್ಕೆ ಹೋದೆ. ಆರಡಿ ಎತ್ತರದವನು ಮಧ್ಯದ ಆಸನದಲ್ಲಿ ಮೊಣಕಾಲುಗಳನ್ನು ಓರೆಮಾಡಿಕೊಂಡು ಕುಳಿತಿದ್ದ. ವಿಷಯವೇನೆಂದು ಆಗ ಬಿಡಿಸಿ ಹೇಳಿದ. ಆ ಕಂಪನಿಯ ವಿಮಾನಗಳಲ್ಲಿ ಅವನು ವರ್ಷವರ್ಷವೂ ಬಹಳ ಸಂಚರಿಸುತ್ತಿದ್ದುದರಿಂದ ಅವನಿಗೆ ಒಂದು ದರ್ಜೆ ದೊರೆತಿತ್ತು. ಆ ದರ್ಜೆಯವನಿಗೂ ಅವನ ಜೊತೆಗೆ ಇನ್ನೊಬ್ಬರಿಗೂ ಈ ವಿಶಾಲವಾದ ಆಸನಗಳು ಉಚಿತ. ನಾವು ಮೂವರು, ಆಸನಗಳು ಎರಡು. ಆದ್ದರಿಂದ ದರ್ಜೆಯನ್ನು ಗಳಿಸಿದವನು ಹಿಂದೆ ಕುಳಿತ. ಮೊದಲ ಹಾರಾಟವು ಬೇರೊಂದು ಸಂಸ್ಥೆಯದು. 1997ರಲ್ಲಿ ಸ್ಥಾಪನೆಯಾದ ಸ್ಟಾರ್ ಅಲಯನ್ಸ್ ಮೊದಲಾದ ಕೂಟಗಳ ಸದಸ್ಯ ಸಂಸ್ಥೆಗಳು ಪರಸ್ಪರರ ಪ್ರಯಾಣಿಕರಿಗೆ ವಿಶ್ರಾಂತಿ ಗೃಹ, ಹೆಚ್ಚಿನ ಸಾಮಾನು ಮುಂತಾದ ಸೌಕರ್ಯಗಳನ್ನು ಕೊಡುತ್ತವೆಯಾದರೂ ಕಾಲು ಚಾಚುವ ಸ್ಥಳವನ್ನು ಸಾಮಾನ್ಯವಾಗಿ ಹಂಚಿಕೊಳ್ಳುವುದಿಲ್ಲವಂತೆ.

ಈ ವ್ಯವಸ್ಥೆಯ ಮೂಲವನ್ನು ತಿಳಿಯುವ ಕುತೂಹಲ ನನಗೆ ಅಲ್ಲಿಂದ ಹುಟ್ಟಿತು. ಅಮೆರಿಕೆಯಲ್ಲಿ 1978ರವರೆಗೆ ವಿಮಾನದ ದರಗಳನ್ನು ಸರಕಾರದ ಮಂಡಳಿಯೇ ನಿಯಂತ್ರಿಸುತ್ತಿತ್ತು. ಆ ವರ್ಷದ ಕಾಯಿದೆಯಿಂದ ನಿಯಂತ್ರಣ ಸಡಿಲವಾಗಿ ಸ್ಪರ್ಧೆ ಹುಟ್ಟಿತು. ಗಿರಾಕಿಯನ್ನು ಕೈಬಿಡದೆ ಹಿಡಿದಿಡುವ ಉಪಾಯವಾಗಿ 1981ರ ಮೇ 1ರಂದು ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು ಹಾರಿದ ಮೈಲುಗಳನ್ನು ಲೆಕ್ಕವಿಟ್ಟು ಬಹುಮಾನ ಕೊಡುವ ಯೋಜನೆಯನ್ನು ಆರಂಭಿಸಿತು. ಕೆಲವೇ ದಿನಗಳಲ್ಲಿ ಯುನೈಟೆಡ್ ಸಂಸ್ಥೆಯೂ ಅದನ್ನೇ ಮಾಡಿತು. ನಮ್ಮ ಪೇಟೆಯ ಕಿರಾಣಿ ಅಂಗಡಿಯವರು ಹಳೆಯ ಗಿರಾಕಿಗೆ ಕೊಸರು ಹಾಕುತ್ತಾರಲ್ಲ, ಅದೇ ಪದ್ಧತಿ. ಇವರು ಅದನ್ನು ಗಣಕಯಂತ್ರಕ್ಕೆ ಒಪ್ಪಿಸಿದರು.

ಕಾಲಿನ ಸ್ಥಳದ ಕಥೆ ಇನ್ನೂ ಸ್ವಾರಸ್ಯಕರ. ಒಂದು ಆಸನದ ಯಾವುದೇ ಬಿಂದುವಿನಿಂದ ಅದರ ಮುಂದಿನ ಆಸನದ ಅದೇ ಬಿಂದುವಿಗಿರುವ ದೂರವನ್ನು ಅವರು 'ಪಿಚ್' ಎನ್ನುತ್ತಾರೆ. ಮೆತ್ತೆಯ ದಪ್ಪವೂ ಅದರಲ್ಲಿಯೇ ಸೇರಿರುವುದರಿಂದ ಅಷ್ಟೂ ದೂರ ಕಾಲಿನದಲ್ಲ. ಸಾಮಾನ್ಯ ಆಸನಕ್ಕೆ ಅದು ಬಹುಮಟ್ಟಿಗೆ 30, 31 ಅಂಗುಲ. ವಿಶಾಲವಾದುದಕ್ಕೆ 34ರ ಆಸುಪಾಸು. ಆಸನದ ಅಗಲ ಬೇರೆಯಲ್ಲ, ಊಟವೂ ಬಹುಪಾಲು ಅದೇ. ವ್ಯತ್ಯಾಸವೆಲ್ಲ ಮೂರು ಅಂಗುಲದಲ್ಲಿದೆ, ಅಂದರೆ ಕೈಯ ನಾಲ್ಕು ಬೆರಳುಗಳನ್ನು ಜೋಡಿಸಿ ಹಿಡಿದಷ್ಟು. ಆದರೆ ಲೆಕ್ಕ ಹಾಕಿ ನೋಡಿದರೆ ಆ ನಾಲ್ಕು ಬೆರಳಿನ ಬೆಲೆ ತಿಳಿಯುತ್ತದೆ. 31 ಅಂಗುಲದಂತೆ ಮೂವತ್ತು ಸಾಲು ಹಿಡಿಯುವ ಜಾಗದಲ್ಲಿ 34 ಅಂಗುಲದಂತೆ ಇಪ್ಪತ್ತೇಳು ಸಾಲು ಮಾತ್ರ ಹಿಡಿಯುತ್ತದೆ. ಸಾಲಿಗೆ ಆರು ಜನರೆಂದರೆ ಹದಿನೆಂಟು ಟಿಕೆಟ್ಟು ಹೋಯಿತು. ಅಮೆರಿಕನ್ ಸಂಸ್ಥೆಯು 2000ದಲ್ಲಿ ಸಾವಿರಾರು ಆಸನಗಳನ್ನು ಕಿತ್ತುಹಾಕಿ ಎಲ್ಲ ಪ್ರಯಾಣಿಕರಿಗೂ ಹೆಚ್ಚಿನ ಸ್ಥಳವನ್ನು ಕೊಟ್ಟು ನೋಡಿತು. ಅದಕ್ಕಾಗಿ ಹೆಚ್ಚು ದರ ಕೊಡುವವರು ಸಾಕಷ್ಟು ಸಿಗಲಿಲ್ಲ; ಕೆಲವೇ ವರ್ಷಗಳಲ್ಲಿ ಆಸನಗಳು ಮರಳಿ ಬಂದವು. ಯುನೈಟೆಡ್ 1999ರಲ್ಲಿ ಹಿಡಿದ ದಾರಿಯೇ ನಿಂತಿತು. ಅದು ಮುಂಭಾಗದ ಕೆಲವು ಸಾಲುಗಳನ್ನಷ್ಟೇ ಅಗಲಿಸಿ 'ಎಕಾನಮಿ ಪ್ಲಸ್' ಎಂದು ಹೆಸರಿಟ್ಟು, ತನ್ನ ನಿಷ್ಠಾವಂತ ಪ್ರಯಾಣಿಕರಿಗಾಗಿ ಮೀಸಲಿಟ್ಟಿತು. ಬೇರೆಯವರಿಗೆ ಅದನ್ನು ಹಣಕ್ಕೆ ಮಾರುವುದು ಅನಂತರದ ಬೆಳವಣಿಗೆ.

ಹಣಕ್ಕೆ ಮಾರಬಹುದೆಂದು ಗೊತ್ತಾದ ವಸ್ತುವನ್ನು ಪುಕ್ಕಟೆಯಾಗಿ ಕೊಡುವಾಗ ಕೈ ನಡುಗುವುದು ಸಹಜ. 2012ರಲ್ಲಿ ಯುನೈಟೆಡ್ ತನ್ನ ಕೆಳಗಿನ ದರ್ಜೆಯವರಿಗೆ ಟಿಕೆಟ್ ಕೊಳ್ಳುವಾಗಲೇ ದೊರೆಯುತ್ತಿದ್ದ ಆ ಆಸನವನ್ನು ಪ್ರಯಾಣದ ಹಿಂದಿನ ದಿನ ಉಳಿದಿದ್ದರೆ ಮಾತ್ರ ಎಂದು ಬದಲಿಸಿತು. ಡೆಲ್ಟಾ ಸಂಸ್ಥೆಯು 2016ರಲ್ಲಿ ಅದನ್ನು ಪ್ರತ್ಯೇಕ ದರದ ವಿಭಾಗವನ್ನಾಗಿಯೇ ಮಾಡಿತು. ಮೈಲುಗಳ ಲೆಕ್ಕವೂ ಹಾಗೆಯೇ. ಎಷ್ಟು ದೂರ ಹಾರಿದಿರಿ ಎಂಬುದನ್ನು ಬಿಟ್ಟು ಎಷ್ಟು ಹಣ ಕೊಟ್ಟಿರಿ ಎಂದು ಎಣಿಸುವ ಕ್ರಮವನ್ನು 2015ರಲ್ಲಿ ಡೆಲ್ಟಾ, ಯುನೈಟೆಡ್ ಸಂಸ್ಥೆಗಳೂ 2016ರಲ್ಲಿ ಅಮೆರಿಕನ್ ಸಂಸ್ಥೆಯೂ ತಂದವು. ನಿಷ್ಠೆ ಎಂಬ ಶಬ್ದವನ್ನು ಅವರು ಆಮೇಲೂ ಬಿಡಲಿಲ್ಲ. ಲಿಂಗನಿಷ್ಠೆ, ಕಾಯಕನಿಷ್ಠೆ ಎಂದು ಪಾಠ ಕಲಿತ ನನ್ನ ಕಿವಿಗೆ ಆ ಪ್ರಯೋಗ ಇಂದಿಗೂ ಒಗ್ಗಿಲ್ಲ.

ನಾನು ಓದಿದ್ದು ಮಠದ ಪ್ರಸಾದನಿಲಯದಲ್ಲಿ. ಅಲ್ಲಿ ಊಟದ ಪಂಕ್ತಿಯ ಎರಡು ಸಾಲುಗಳ ನಡುವೆ ಬಿಡುತ್ತಿದ್ದ ಅಂತರಕ್ಕೆ ಅಳತೆ ಬಡಿಸುವವನ ಹೆಜ್ಜೆ. ಸಾರಿನ ಬಕೀಟು ಹಿಡಿದವನು ಯಾರ ಎಲೆಯನ್ನೂ ತುಳಿಯದೆ ಹೋಗುವಂತಿರಬೇಕು. ನೂರಾರು ಹುಡುಗರು ಪದ್ಮಾಸನದಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂಡುತ್ತಿದ್ದೆವು. ಇಕ್ಕಟ್ಟು ಎಲ್ಲರಿಗೂ ಒಂದೇ ಆಗಿದ್ದುದರಿಂದ ಅದು ಇಕ್ಕಟ್ಟೆಂದು ತೋರಲಿಲ್ಲ. ಇದನ್ನು ನೆನೆದು ವಿಮಾನದವರನ್ನು ಜರೆಯಹೊರಟ ನನ್ನ ಲೇಖನಿ ಅರ್ಧಕ್ಕೆ ನಿಂತಿತು. ನಮ್ಮ ಜಾತ್ರೆ ಉತ್ಸವಗಳ ವೇದಿಕೆಯ ಮುಂದೆ ದಾನಿಗಳಿಗೆ ಸೋಫಾ, ಅಧಿಕಾರಿಗಳಿಗೆ ಕುರ್ಚಿ, ಉಳಿದವರಿಗೆ ಜಮಖಾನೆ ಹಾಸುವುದನ್ನು ನಾನೇ ಎಷ್ಟೋ ಸಲ ನಿಂತು ಮಾಡಿಸಿದ್ದೇನೆ. ದೊಡ್ಡ ದೇಣಿಗೆ ಕೊಟ್ಟವರು ಮರುವರ್ಷ ಕೊಡದಿದ್ದರೆ ಅವರ ಸೋಫಾ ಎಷ್ಟು ಸಾಲು ಹಿಂದೆ ಸರಿಯುತ್ತದೆ ಎಂಬುದನ್ನೂ ಬಲ್ಲೆ. ಪಂಕ್ತಿಯಲ್ಲಿ ಮಾತ್ರ ಈ ಭೇದ ಇನ್ನೂ ಬಂದಿಲ್ಲ.

ಇನ್ನು ಮಗನ ದರ್ಜೆಯ ವಿಷಯ. 2019ರಲ್ಲಿ ನಾವು ಅವನ ಮನೆಯಲ್ಲಿದ್ದ ಮೂರು ತಿಂಗಳಲ್ಲಿ ಅವನು ಅಲ್ಲಿದ್ದ ದಿನಗಳು ಕಡಿಮೆ. ಸೋಮವಾರ ನಸುಕಿನಲ್ಲಿ ಓ'ಹೇರ್ ನಿಲ್ದಾಣಕ್ಕೆ ಹೊರಟರೆ ಗುರುವಾರ ರಾತ್ರಿ ಬರುತ್ತಿದ್ದ. ಆ ನಿಲ್ದಾಣದ ಟಿಕೆಟ್ಟುಗಳ ಮೇಲೆ ಅಚ್ಚಾಗುವ ಮೂರಕ್ಷರದ ಸಂಕೇತವು ಅದರ ಹಳೆಯ ಹೆಸರಾದ ಆರ್ಚರ್ಡ್ ಎಂಬುದರಿಂದ ಬಂದಿದೆ, ಅಂದರೆ ಹಣ್ಣಿನ ತೋಟ. 1949ರಲ್ಲಿ ಯುದ್ಧವೀರನೊಬ್ಬನ ಹೆಸರು ಬಂದರೂ ಸಂಕೇತ ಬದಲಾಗಲಿಲ್ಲ. ಆಗ ಆರು ವರ್ಷದವಳಾಗಿದ್ದ ಮೊಮ್ಮಗಳು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ತಂದೆ ಇಲ್ಲದ ದಿನಗಳ ಮೇಲೆ ಚಿಕ್ಕ ವಿಮಾನದ ಚಿತ್ರ ಬರೆಯುತ್ತಿದ್ದಳು. ನಮ್ಮ ಮನೆಯವರು ಒಂದು ದಿನ ಆ ಹಾಳೆಗಳನ್ನು ತಿರುವಿಹಾಕಿ, "ಆವತ್ತು ನಾವು ಕುಂತದ್ದು ಇದರ ಮ್ಯಾಲೇನ್ರಿ?" ಎಂದು ಕೇಳಿದರು. ನಾನು ಉತ್ತರ ಕೊಡಲಿಲ್ಲ.

2020ರ ಸಾಂಕ್ರಾಮಿಕದಲ್ಲಿ ಸಂಚಾರ ನಿಂತಿತು. ವಿಮಾನ ಸಂಸ್ಥೆಗಳು ಕೆಲಕಾಲ ದರ್ಜೆಗಳ ಅವಧಿಯನ್ನು ವಿಸ್ತರಿಸಿದವು. ಅನಂತರ ಮಗನ ಕಚೇರಿಯ ಕೆಲಸವು ಮನೆಯಿಂದಲೇ ನಡೆಯುವಂತಾಯಿತು. ಹಾರದೆ ಇದ್ದುದರಿಂದ ದರ್ಜೆ ಇಳಿಯಿತು, ಮತ್ತೂ ಇಳಿದು ಇಲ್ಲವಾಯಿತು.

2024ರಲ್ಲಿ ನಾವಿಬ್ಬರೇ ಹೊರಟೆವು. 2022ರ ನವೆಂಬರಿನಲ್ಲಿ ಉದ್ಘಾಟನೆಯಾದ ಬೆಂಗಳೂರಿನ ಎರಡನೆಯ ಟರ್ಮಿನಲ್ಲಿನಲ್ಲಿ ಬಿದಿರಿನ ಮೇಲ್ಛಾವಣಿಯನ್ನೂ ತೂಗುವ ಹಸುರನ್ನೂ ನೋಡುತ್ತ ಬಹಳ ಹೊತ್ತು ಕುಳಿತೆವು. ವಿಶಾಲ ಆಸನಕ್ಕೆ ಹೆಚ್ಚಿನ ಹಣ ಕಟ್ಟುತ್ತೇನೆಂದು ಮಗ ಹೇಳಿದ್ದ. ಆ ಮೊತ್ತವನ್ನು ರೂಪಾಯಿಗೆ ಪರಿವರ್ತಿಸಿ ನೋಡಿ ಬೇಡವೆಂದವನು ನಾನೇ. ಈ ಸಲ ಫ್ರಾಂಕ್‌ಫರ್ಟಿನಲ್ಲಿ ನಾಲ್ಕು ತಾಸು ಬಿಡುವಿತ್ತು. ಆಸನದಲ್ಲಿ ಎಡೆ ಇರದೆಂದು ತಿಳಿದಿದ್ದ ನಾನು ನಿಲ್ದಾಣದ ಪ್ರಾರ್ಥನಾ ಕೊಠಡಿಯನ್ನು ಹುಡುಕಿ ಅಲ್ಲಿಯೇ ಪೂಜೆ ಮುಗಿಸಿದೆ. ನನ್ನ ನೇಮಕ್ಕೆ ಹೀಗೊಂದು ದಾರಿ ದೊರೆಯಿತು. ಮೊಣಕಾಲಿಗೆ ಅಂಥ ಕೊಠಡಿ ಎಲ್ಲಿದೆ? ಎರಡನೆಯ ವಿಮಾನದಲ್ಲಿ ಮುಂದಿನವನು ತನ್ನ ಆಸನವನ್ನು ಹಿಂದಕ್ಕೆ ಬಾಗಿಸಿದ ಮೇಲೆ ನಮ್ಮ ಮನೆಯವರು ಕಾಲನ್ನು ಓಣಿಯ ಕಡೆಗೆ ಚಾಚುವರು, ಊಟದ ಗಾಡಿ ಬಂದಾಗ ಎಳೆದುಕೊಳ್ಳುವರು. ಶಿಕಾಗೋದಲ್ಲಿ ಇಳಿದಾಗ ಅವರಿಗೆ ಗಾಲಿಕುರ್ಚಿ ಬೇಕಾಯಿತು. ನಾನು ಉಳಿಸಿದ ಹಣದ ಲೆಕ್ಕವನ್ನು ಅವರು ಒಮ್ಮೆಯೂ ಎತ್ತಲಿಲ್ಲ; ಎತ್ತಿದ್ದರೆ ಹಗುರವಾಗುತ್ತಿತ್ತು.

ಇಕ್ಕಟ್ಟಿನ ವಿಷಯ ಆ ದೇಶದ ನ್ಯಾಯಾಲಯಕ್ಕೂ ಹೋಗಿದೆ. 2017ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯವು ಕುಗ್ಗುತ್ತಿರುವ ಆಸನಗಳ ಬಗ್ಗೆ ವಿಮಾನಯಾನ ಇಲಾಖೆಯು ಮರುವಿಚಾರ ಮಾಡಬೇಕೆಂದು ತೀರ್ಪಿತ್ತಿತು. ಸುರಕ್ಷತೆಗೆ ಅಗತ್ಯವಾದ ಕನಿಷ್ಠ ಅಳತೆಯನ್ನು ಗೊತ್ತುಪಡಿಸಬೇಕೆಂದು 2018ರಲ್ಲಿ ಸಂಸತ್ತು ಕಾನೂನು ಮಾಡಿತು. 2022ರಲ್ಲಿ ಇಲಾಖೆಯು ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ಸಾವಿರಾರು ಜನರು ಬರೆದರು. ಅಲ್ಲಿ ವಾದವೆಲ್ಲ ಅಪಾಯದ ವೇಳೆ ತೊಂಬತ್ತು ಸೆಕೆಂಡುಗಳಲ್ಲಿ ಎಲ್ಲರೂ ಹೊರಬೀಳಬಲ್ಲರೇ ಎಂಬುದರ ಸುತ್ತ. ಮುದುಕರ ಮೊಣಕಾಲಿನ ನೋವು ಅದರಲ್ಲಿ ಬರುವುದಿಲ್ಲ.

ಆ ಸಲ ಮಗನ ಮನೆಯ ಕ್ಯಾಲೆಂಡರಿನಲ್ಲಿ ವಿಮಾನದ ಚಿತ್ರಗಳಿರಲಿಲ್ಲ. ಬೆಳಿಗ್ಗೆ ನಾನು ಪೂಜೆಗೆ ಕುಳಿತಾಗ ಕೆಳಗಿನ ಅಡುಗೆಮನೆಯಲ್ಲಿ ತಂದೆ ಮಗಳು ಗಣಿತದ ವಿಷಯವಾಗಿ ಜಗಳವಾಡುವುದು ಕೇಳಿಸುತ್ತಿತ್ತು. ಒಂದು ರಾತ್ರಿ ಊಟದ ವೇಳೆ ಮಗನು, ಮುಂದಿನ ವರ್ಷ ಮತ್ತೆ ಸಂಚಾರದ ಕೆಲಸವನ್ನು ಕೇಳಿ ಪಡೆದರೆ ದರ್ಜೆ ಮರಳಿ ಬರುವುದೆಂದೂ ಅವ್ವನಿಗೆ ತ್ರಾಸಾಗದೆಂದೂ ಅಂದ. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಮನೆಯವರು, "ಅದೊಂದು ಬ್ಯಾಡ. ರೊಕ್ಕ ಕೊಟ್ಟು ತಗೋ, ನಾ ಏನೂ ಅನ್ನೂದಿಲ್ಲ" ಎಂದರು.

ಮರಳುವ ದಿನಕ್ಕೆ ವಿಶಾಲ ಆಸನವು ಒಂದೇ ಉಳಿದಿತ್ತು. ಅದನ್ನು ಅವರ ಹೆಸರಿಗೆ ಕೊಂಡೆವು. ನನ್ನದು ಒಂಬತ್ತು ಸಾಲು ಹಿಂದೆ. ಅಟ್ಲಾಂಟಿಕ್ ಸಾಗರದ ಮೇಲೆ ದೀಪಗಳನ್ನು ಆರಿಸಿದ ಮೇಲೆ ನಾನು ಎರಡು ಬಾರಿ ಎದ್ದು ಹೋಗಿ ನೋಡಿಬಂದೆ. ಎರಡು ಬಾರಿಯೂ ಅವರು ಕಾಲು ನೀಡಿಕೊಂಡು ನಿದ್ರಿಸುತ್ತಿದ್ದರು.