ದಲಾಲ್ ಸ್ಟ್ರೀಟಿನಲ್ಲಿ ಒಂದು ಭಾನುವಾರ

ನಮ್ಮ ಮಗ ಕೆಲಸಕ್ಕೆ ಸೇರಿ ವರುಷವಾಯಿತು. ಉಳಿಸಿದ ಹಣವನ್ನೆಲ್ಲ ಷೇರುಪೇಟೆಗೆ ಹಾಕುತ್ತೇನೆಂದು ಅವನ ಹಟ. “ಗೆಳೆಯರೆಲ್ಲ ಹಾಕುತ್ತಿದ್ದಾರೆ” ಎಂಬುದೇ ವಾದ. “ಪೇಟೆಯನ್ನಾದರೂ ಒಮ್ಮೆ ಕಣ್ಣಾರೆ ನೋಡೋಣ, ನಡೆ” ಎಂದು ಮೊನ್ನೆ ಭಾನುವಾರ ಅವನೊಡನೆ ನಾವು ದಂಪತಿಗಳು ಚರ್ಚ್‌ಗೇಟಿನಲ್ಲಿ ಇಳಿದೆವು.

ಮೊದಲು ಹೋದದ್ದು ಹಾರ್ನಿಮನ್ ಸರ್ಕಲ್ಲಿಗೆ. 1850ರ ಸುಮಾರಿಗೆ ಇಲ್ಲಿಯ ಟೌನ್‌ಹಾಲಿನೆದುರು ಆಲದ ನೆರಳಿನಲ್ಲಿ ನಿಂತು ದಲ್ಲಾಳಿಗಳು ಷೇರು ವ್ಯಾಪಾರ ಮಾಡುತ್ತಿದ್ದರಂತೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು; ಅಲ್ಲಿಂದ ಇಂಗ್ಲೆಂಡಿಗೆ ಹತ್ತಿ ಬರುವುದು ಕಟ್ಟಿತು. ನಮ್ಮ ಧಾರವಾಡ ಸೀಮೆಯ ಹತ್ತಿಗೂ ಕಾಣದ ಬೆಲೆ ಬಂತು. ಮುಂಬಯಿಗೆ ಹರಿದ ಹಣ ಹೊಸ ಹೊಸ ಕಂಪನಿಗಳ ಮೇಲೆ ಸುರಿಯಿತು. ಸಮುದ್ರ ತುಂಬಿ ನೆಲ ಮಾಡಹೊರಟ ಬ್ಯಾಕ್‌ಬೇ ಕಂಪನಿಯ 5,000 ರೂಪಾಯಿಯ ಷೇರು 50,000 ಮುಟ್ಟಿತು. ನೆಲವೋ, ಇನ್ನೂ ನೀರಿನಡಿಯಲ್ಲೇ ಇತ್ತು! 1865ರಲ್ಲಿ ಯುದ್ಧ ಮುಗಿದ ಸುದ್ದಿ ಬಂದದ್ದೇ ತಡ, ಕೊಳ್ಳುವವರೇ ಇಲ್ಲ. ಅತಿಯಾಸೆ ಗತಿಗೇಡಾಯಿತು.

ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ದಲಾಲ್ ಸ್ಟ್ರೀಟು. ದಲ್ಲಾಳಿಗಳ ಸಂಘ ಹುಟ್ಟಿದ್ದು 1875ರಲ್ಲಿ. ಈಗ ಜೀಜೀಭಾಯ್ ಗೋಪುರವೆಂಬ ಎತ್ತರದ ಕಟ್ಟಡ, ಬಾಗಿಲಲ್ಲಿ ಕಂಚಿನ ಗೂಳಿ. ಭಾನುವಾರವಾದ್ದರಿಂದ ಎಲ್ಲವೂ ನಿಶ್ಶಬ್ದ. 1995ರಲ್ಲಿ ಕಂಪ್ಯೂಟರು ಬರುವವರೆಗೆ ಒಳಗೆ ಕೂಗಿ ಕೂಗಿ ವ್ಯಾಪಾರ ನಡೆಯುತ್ತಿತ್ತು. ಕೂಗು ನಿಂತಿತು, ಆಸೆ ಭಯಗಳು ನಿಂತಿಲ್ಲ.

ಆ ಗೂಳಿಯ ಮುಂದೆ ಮಗನಿಗೆ ನಾವೊಂದು ತಪ್ಪೊಪ್ಪಿಕೊಂಡೆವು. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 3,934 ಅಂಶ, ಅಂದರೆ ನೂರಕ್ಕೆ ಹದಿಮೂರರಷ್ಟು, ಕುಸಿಯಿತು. ಪೇಟೆಯ ಹೊಯ್ದಾಟದ ಅಂದಾಜು ಹೇಳುವ ‘ಇಂಡಿಯಾ ವಿಕ್ಸ್’ ಶಾಂತ ದಿನಗಳಲ್ಲಿ 20ರ ಕೆಳಗಿರುವುದು, ಅಂದು 70 ದಾಟಿತ್ತು. ಅವನ ಓದಿಗೆಂದು ಕೂಡಿಟ್ಟ ಮ್ಯೂಚುವಲ್ ಫಂಡನ್ನು ಆ ವಾರವೇ ನಷ್ಟಕ್ಕೆ ಮಾರಿಬಿಟ್ಟೆವು. ಅಂದು 26,000ದ ಕೆಳಗಿಳಿದಿದ್ದ ಸೆನ್ಸೆಕ್ಸ್ ವರುಷದ ಕೊನೆಗೆ 47,000 ದಾಟಿತ್ತು. ಅವನ ಫೀಸಿಗೆ ನಾವು ಸಾಲ ಮಾಡಿದ್ದು ಅದಕ್ಕಾಗಿ.

“ಹಾಗಾದರೆ ಬಿದ್ದಾಗ ಕೊಂಡರಾಯಿತಲ್ಲ?” ಎಂದ ಮಗ. ಅಷ್ಟು ಸುಲಭವಲ್ಲ. ಬಿದ್ದದ್ದೆಲ್ಲ ಏಳುವುದಿಲ್ಲ, ಬ್ಯಾಕ್‌ಬೇ ಕಂಪನಿ ಏಳಲಿಲ್ಲ. ಕಂಪನಿಯ ಗಳಿಕೆ ನಿಧಾನವಾಗಿ ಬದಲಾಗುತ್ತದೆ, ಜನರ ಮನಸ್ಸು ಒಂದೇ ಸಂಜೆಗೆ. ಜನ ಬಹಳ ಹುರುಪಿನಲ್ಲಿದ್ದಾಗ ಕೊಂಡವರಿಗೆ ಮುಂದೆ ಸಿಗುವ ಲಾಭ ಸಾಮಾನ್ಯವಾಗಿ ಕಡಿಮೆ. ಸಣ್ಣ, ಹೊಸ, ಇನ್ನೂ ಲಾಭ ಕಾಣದ ಕಂಪನಿಗಳಲ್ಲಿ ಇದು ಇನ್ನೂ ಹೆಚ್ಚು ಎಂದು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದ್ದಾರೆ.

ಮರಳುವಾಗ ರಾಜಾಬಾಯಿ ಗೋಪುರದ ಗಡಿಯಾರ ಕಾಣಿಸಿತು. ಹತ್ತಿಯ ಕಾಲದ ಷೇರು ಸರದಾರ ಪ್ರೇಮಚಂದ ರಾಯಚಂದರು ಕೊಟ್ಟ ಹಣದಿಂದ ಎದ್ದ ಗೋಪುರವದು; ತಾಯಿಯ ಹೆಸರು ಹೊತ್ತಿದೆ. ಅವರ ಷೇರುಗಳ ಸಿರಿ ಕರಗಿತು, ದಾನ ನಿಂತಿದೆ.

ರೈಲಿನಲ್ಲಿ ಮಗ ತಾನಾಗಿಯೇ ಹೇಳಿದ: “ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿರಲಿ. ಉಳಿದುದರಲ್ಲಿ ತಿಂಗಳಿಗಿಷ್ಟೆಂದು ಹಾಕುತ್ತೇನೆ. ಬಿದ್ದ ದಿನ ನೀವು ಮಾತ್ರ ನನಗೆ ಫೋನು ಮಾಡಬೇಡಿ!”

ನಾವು ಒಪ್ಪಿಕೊಂಡೆವು.